ಅಲೆವರಸೆಯ ಮಗಳು

ನಮ್ಮ ಮನೆಯಲ್ಲಿ ಹೆಸರಿಗೆ ಅಂಥ ಬೆಲೆ ಇರಲಿಲ್ಲ, ವರಸೆಗೆ ಇತ್ತು. ಹೊಸಬರು ಯಾರೇ ಬಾಗಿಲಿಗೆ ಬರಲಿ, ಅಜ್ಜಿ ಮೊದಲು ಚೊಂಬು ತುಂಬ ನೀರು ಕೊಡುತ್ತಿದ್ದಳು. ಅವರು ಕುಡಿಯುತ್ತಿರುವಾಗಲೇ ಯಾವ ಊರು, ತಾಯಿಯ ತವರು ಯಾವುದು, ಅಕ್ಕನನ್ನು ಎಲ್ಲಿಗೆ ಕೊಟ್ಟಿದ್ದೀರಿ ಎಂಬ ಪ್ರಶ್ನೆಗಳು ಶುರುವಾಗುತ್ತಿದ್ದವು. ಪಾಪ, ಅವರು ಗುಟುಕಿನ ನಡುನಡುವೆ ಉತ್ತರ ಹೇಳಬೇಕು. ಚೊಂಬು ಕೆಳಗಿಡುವ ಹೊತ್ತಿಗೆ ತೀರ್ಮಾನ ಆಗಿರುತ್ತಿತ್ತು: ನೀನು ನನಗೆ ಮೈದುನ ಆಗಬೇಕು, ನೀನು ಮೊಮ್ಮಗಳು, ನೀನು ಸೋದರಳಿಯ. ಒಮ್ಮೆ ದನದ ದಲ್ಲಾಳಿಯೊಬ್ಬ ಎತ್ತು ನೋಡಲು ಬಂದವನು ಅಜ್ಜಿಗೆ ಅಣ್ಣನಾಗಿ ಎದ್ದುಹೋದ. ಯಾರನ್ನು ಏನೆಂದು ಕರೆಯಬೇಕು, ಯಾರ ಜೊತೆ ಹಾಸ್ಯ ಮಾಡಬಹುದು, ಯಾರ ಮುಂದೆ ತಲೆಯ ಮೇಲೆ ಸೆರಗು ಹಾಕಬೇಕು, ಯಾರ ಮನೆಗೆ ಹೆಣ್ಣು ಕೊಡಬಹುದು, ಯಾರಿಗೆ ಕೊಡಲೇಬಾರದು, ಇವೆಲ್ಲ ಆ ಒಂದು ಮಾತಿನೊಳಗೆ ಇದ್ದವು. ವರಸೆ ಗೊತ್ತಾಗದ ಮನುಷ್ಯನಿಗೆ ನಮ್ಮ ಮನೆಯಲ್ಲಿ ಕೂರಲು ಜಾಗ ಸಿಗುತ್ತಿತ್ತು, ಕರೆಯಲು ಪದ ಸಿಗುತ್ತಿರಲಿಲ್ಲ.

ಮನೆ ಸೇಲಂ ಸೀಮೆಯ ಕಡಯಂಪಟ್ಟಿಯಿಂದ ನಡೆದುಹೋಗುವಷ್ಟು ದೂರ. ಮುಂದೆ ಜಗಲಿಯಂಥ ಉದ್ದನೆಯ ತಿಣ್ಣೆ, ತಿಣ್ಣೆಯ ತುದಿಗೆ ಬೀದಿಗೆ ಬಾಗಿಲಿದ್ದ ಒಂದು ಕೋಣೆ, ಒಳಗೆ ನಡುಮನೆ, ಹಿಂದೆ ಅಡಿಗೆಮನೆ, ಅದರಾಚೆ ಬಾವಿ. ಮರಗೆಣಸು ಕೀಳುವ ಕಾಲದಲ್ಲಿ ಊರಿನ ಗಾಳಿಯೆಲ್ಲ ಹುಳಿವಾಸನೆ. ಸಬ್ಬಕ್ಕಿಗೆ ನಾವು ಜವ್ವರಿಸಿ ಎನ್ನುತ್ತೇವೆ, ಅದನ್ನು ಮಾಡುವ ಗಿರಣಿಗಳು ಸುತ್ತಮುತ್ತ ಇದ್ದವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮ ಕನ್ನಡಕ್ಕೆ ಬಾಯಿ ಇತ್ತು, ಅಕ್ಷರ ಇರಲಿಲ್ಲ. ನಾನು ಅಕ್ಷರ ಕಲಿತದ್ದು ಬಹಳ ತಡವಾಗಿ, ಮೈಸೂರಿನಲ್ಲಿ ಭೌತಶಾಸ್ತ್ರ ಓದುವಾಗ, ಬಸ್ಸಿನ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದಿ. ದಿನಚರಿ ಬರೆಯಲು ಆರಂಭಿಸಿದ್ದೂ ಅಲ್ಲೇ. ಹಾಗಾಗಿ ಅದಕ್ಕೆ ಹಿಂದಿನ ಬದುಕಿಗೆ ನನ್ನ ಬಳಿ ಸಾಕ್ಷಿ ಇಲ್ಲ. ಈಗ ಹೇಳಲಿರುವುದನ್ನು ಮನೆಯವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಯಾವುದನ್ನು ಕಂಡೆ, ಯಾವುದನ್ನು ಕೇಳಿ ಕಂಡೆನೆಂದುಕೊಂಡೆ ಎಂದು ಬಿಡಿಸಲಾರೆ. ಓದುವವರು ಅಷ್ಟು ಅನುಮಾನ ಇಟ್ಟುಕೊಂಡೇ ಓದಬೇಕು.

ತಿಣ್ಣೆಯ ತುದಿಯ ಕೋಣೆಗೆ ಪೂಂಗೊಡಿ ಟೀಚರ್ ಬಾಡಿಗೆಗೆ ಬಂದರು. ನಮ್ಮ ಶಾಲೆಗೆ ವಿಜ್ಞಾನ ಕಲಿಸಲು ಬಂದ ಸೇಲಂ ಪಟ್ಟಣದ ತಮಿಳರು. ತಾಯಿ ಎಂದೋ ತೀರಿಕೊಂಡಿದ್ದರು. ಅಣ್ಣನ ಮನೆಯಲ್ಲಿ ಬೆಳೆದಿದ್ದರು. ಅಜ್ಜಿ ವಾಡಿಕೆಯಂತೆ ಚೊಂಬು ಹಿಡಿದು ಹೋದಳು, ಪ್ರಶ್ನೆ ಕೇಳಿದಳು, ಮೊದಲ ಸಲ ಸೋತು ವಾಪಸು ಬಂದಳು. ಊರು ಬೇರೆ, ಜನ ಬೇರೆ, ಭಾಷೆ ಬೇರೆ. ಎಲ್ಲಿಂದ ಎಳೆ ಹಿಡಿದರೂ ನಮ್ಮ ಗಂಟಿಗೆ ಬಂದು ಸೇರಲಿಲ್ಲ. ಟೀಚರ್ ಕೋಣೆಯಲ್ಲಿ ಒಬ್ಬರೇ ಸ್ಟೌ ಮೇಲೆ ಅನ್ನ ಬೇಯಿಸಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ಅದು ಅಜ್ಜಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ. ಸಾರು ಕೊಟ್ಟು ಬಾ ಎಂದು ನನ್ನನ್ನು ಕಳಿಸುವಳು, ಆಮೇಲೆ ಗೊಣಗುವಳು:

"ಕರ್ಯಾಕೆ ಒಂದ್ ಮಾತಿಲ್ವಲ್ಲೇ! ಟೀಚರ್ ಅಂದ್ರೆ ಅದೇನು ವರಸೆನಾ? ನಾನೇನ್ ಇಸ್ಕೂಲಿಗೆ ಓಗಾ ಮಗೀನಾ?"

ನನ್ನ ಚಿಕ್ಕಪ್ಪ ಮಾದೇಶನಿಗೆ ಈ ಕಷ್ಟ ಇರಲಿಲ್ಲ. ಅವನು ಜವ್ವರಿಸಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಮೊಳಕೈ ಎಲ್ಲ ಬಿಳಿ. ಅವನು ಅವರನ್ನು ಸಲೀಸಾಗಿ ಟೀಚರ್ ಎನ್ನುತ್ತಿದ್ದ, ಅವರು ಕೇಳದಿದ್ದರೂ ಕೆಲಸ ಮಾಡಿಕೊಡುತ್ತಿದ್ದ. ಟೀಚರ ಬಳಿ ಒಂದು ರೇಡಿಯೋ ಇತ್ತು. ತೊಪ್ಪೂರು ಕಡೆಯ ಬೆಟ್ಟಗಳು ಅಡ್ಡ ಬಂದೋ ಏನೋ, ಅದು ಹಾಡಿಗಿಂತ ಹೆಚ್ಚು ಹುರಿಗಾಳಿನ ಸದ್ದು ಮಾಡುತ್ತಿತ್ತು. ಚಿಕ್ಕಪ್ಪ ಎಲ್ಲಿಂದಲೋ ತಾಮ್ರದ ತಂತಿ ತಂದು ಅವರ ಕಿಟಕಿಯಿಂದ ಬೇವಿನ ಮರಕ್ಕೆ ಎಳೆದು ಕಟ್ಟಿದ. ಆಮೇಲೆ ದಿನಾ ಸಂಜೆ ಆ ತಂತಿಗೆ ಒಂದಲ್ಲ ಒಂದು ರಿಪೇರಿ ಬೇಕಾಗುತ್ತಿತ್ತು. ಬೀದಿಯ ಜನ ಆ ತಂತಿಯನ್ನು ನೋಡಿ ಏನೇನು ಅಂದುಕೊಂಡರೋ, ಆಗ ನನಗೆ ತಿಳಿಯುವ ವಯಸ್ಸಲ್ಲ.

ಒಂದು ದಿನ, ದೀಪ ಹಚ್ಚುವ ಹೊತ್ತು. ಟೀಚರ್ ರೇಡಿಯೋವನ್ನು ತಿಣ್ಣೆಗೆ ತಂದಿಟ್ಟಿದ್ದರು. ಮುಳ್ಳು ತಿರುಗಿಸುವಾಗ ಬೆಂಗಳೂರಿನ ಕನ್ನಡ ನಾಟಕವೊಂದು ಸಿಕ್ಕಿತು. ತಲೆಯ ಮೇಲೆಯೇ ಕನ್ನಡಕ ಏರಿಸಿಕೊಂಡವನೊಬ್ಬ ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದ. ಚಿಕ್ಕಪ್ಪ ನಕ್ಕ, ಅದೇ ಗಳಿಗೆಗೆ ಟೀಚರೂ ನಕ್ಕರು. ಅಜ್ಜಿ ತಿಣ್ಣೆಯ ಇನ್ನೊಂದು ತುದಿಯಲ್ಲಿ ಹುರುಳಿಯ ಕಲ್ಲು ಆರಿಸುತ್ತಿದ್ದಳು, ನಾನು ಅವಳ ಪಕ್ಕದಲ್ಲಿ. ಚಿಕ್ಕಪ್ಪ ಬೆರಗಾಗಿ ಕೇಳಿದ:

"ಟೀಚರ್, ಉಂಗಳುಕ್ಕು ಕನ್ನಡ ಪುರಿಯುಮಾ?"

ಅರ್ಥವಾಗುವುದಿಲ್ಲ, ಆದರೆ ನೀವು ನಗುವ ಮುಂಚೆಯೇ ನನಗೆ ನಗು ಬಂದುಬಿಟ್ಟಿತು ಎಂದರು ಟೀಚರ್, ತಮಿಳಿನಲ್ಲಿ. ಆಮೇಲೆ ಮುಖ ಬೇರೆ ಕಡೆ ತಿರುಗಿಸಿ, ತುಸು ಮೆಲ್ಲಗೆ:

"ನಮ್ಮ ರೆಂಡು ಪೇರುಂ ಒರೇ ಅಲೈವರಿಸೈ."

ನಾವಿಬ್ಬರೂ ಒಂದೇ ಅಲೆಯಲ್ಲಿದ್ದೇವೆ, ಒಂದೇ ರೇಡಿಯೋ ನಿಲ್ದಾಣಕ್ಕೆ ಮುಳ್ಳು ಕೂರಿಸಿಕೊಂಡಿದ್ದೇವೆ ಎಂದು ಅದರ ಅರ್ಥ. ಮನಸ್ಸು ಹೊಂದಿದವರ ಬಗ್ಗೆ ಆಡುವ ಮಾತು. ಒಬ್ಬ ಹೆಣ್ಣುಮಗಳು ಗಂಡಸಿಗೆ ಅದಕ್ಕಿಂತ ಹೆಚ್ಚು ಹೇಳಲು ಆ ತಿಣ್ಣೆಯ ಮೇಲೆ ಜಾಗ ಇರಲಿಲ್ಲ. ಅಜ್ಜಿಯ ಕೈ ಮೊರದ ಮೇಲೆ ನಿಂತಿತು.

"ಏನಂದೆ ತಾಯಿ? ಒಂದೇ ವರಸೆನಾ? ಅಲೆವರಸೆನಾ?" ಅವಳ ಮುಖ ದೀಪ ಹಚ್ಚಿದ ಹಾಗೆ ಆಯಿತು. "ಅಯ್ಯೋ, ಬಂದ ದಿನ್ವೇ ಏಳ್ಬಾರ್ದಾ ಇದ್ನ!"

ಅಲೆವರಸೆ ಎಂದರೆ ಅಲೆದು ಬಂದವರ ವರಸೆ ಎಂದು ಅವಳು ನಮಗೇ ಬಿಡಿಸಿ ಹೇಳಿದಳು. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಮೈಸೂರು ಸೀಮೆಯಿಂದ ದನ ಹೊಡೆದುಕೊಂಡು ಅಲೆಯುತ್ತ ಬಂದವರು. ದಾರಿಯಲ್ಲಿ ಒಂದೊಂದು ಕಡೆ ಒಬ್ಬೊಬ್ಬರು ನಿಂತರು. ನಿಂತವರು ಪಟ್ಟಣ ಸೇರಿ ತಮಿಳು ಕಲಿತು ಕನ್ನಡ ಮರೆತಿರಬಹುದು, ರಕ್ತ ಮರೆಯುತ್ತದೆಯೇ? ಒಂದೇ ವರಸೆ ಅಂದಮೇಲೆ ಇವಳೂ ಮಾದೇಶನೂ ಅಣ್ಣ ತಂಗಿ. ಅಂದರೆ ಇವಳು ನನ್ನ ಮಗಳು ಎಂದಳು ಅಜ್ಜಿ.

ಈಗ ನಾನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು. ಆ ಮಾತನ್ನು ಸುಮ್ಮನೆ ಬಿಡಲಾರೆ. ತಮಿಳಿನ ಅಲೈವರಿಸೈ ಎಂಬುದು ರೇಡಿಯೋದವರ ಪದ, ಯಾವ ಅಲೆಯ ಮೇಲೆ ಪ್ರಸಾರ ಬರುತ್ತದೆ ಎಂದು ಹೇಳುವುದಕ್ಕೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರಕ್ಕೆ ನಮ್ಮ ಪಠ್ಯದಲ್ಲಿ ಅಲೈನೀಳಂ ಎಂದಿತ್ತು. ಕನ್ನಡದಲ್ಲಿ ಅದು ತರಂಗಾಂತರ ಎಂದು ಮೈಸೂರಿನಲ್ಲಿ ಓದಿದಾಗ ನನಗೆ ವಿಚಿತ್ರವೆನಿಸಿತ್ತು. ತಮಿಳು ಅದೇ ದೂರವನ್ನು ಉದ್ದ ಎಂದು ನೋಡುತ್ತದೆ, ಕನ್ನಡ ನಡುವಿನ ಅಂತರ ಎಂದು. ಅದು ಅಲೆಯ ಎತ್ತರವೂ ಅಲ್ಲ, ವೇಗವೂ ಅಲ್ಲ. ಎರಡು ಅಲೆಗಳಿಗೆ ಅದು ಒಂದೇ ಆಗಿದ್ದರೆ ಅವು ಒಂದೇ ಕಡೆ ಹುಟ್ಟಿದವೆಂದಾಗಲಿ, ಜೊತೆಯಾಗಿ ಏಳುತ್ತವೆ ಬೀಳುತ್ತವೆ ಎಂದಾಗಲಿ ಹೇಳಲು ಬರುವುದಿಲ್ಲ. ಆದರೂ ಮನಸ್ಸು ಕೂಡಿತು ಎನ್ನಲು ಜನ ಈ ಪದವನ್ನೇ ಆರಿಸಿಕೊಂಡರು. ನನ್ನ ವಿದ್ಯಾರ್ಥಿಗಳು ಈಗಲೂ ಜೋಡಿ ಕಟ್ಟಿಕೊಂಡು ಬಂದು "ನಮ್ಮಿಬ್ಬರದೂ ಒಂದೇ ವೇವ್‌ಲೆಂಗ್ತ್ ಮೇಡಂ" ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ತಿದ್ದಲು ಹೋದವರ ಪಾಡನ್ನು ಚಿಕ್ಕವಳಿದ್ದಾಗಲೇ ನೋಡಿದ್ದೇನೆ.

ಮುಂದಿನ ಶುಕ್ರವಾರ ಅಜ್ಜಿ ಟೀಚರನ್ನು ನಡುಮನೆಗೆ ಕರೆದು ಮಣೆ ಹಾಕಿ ಕೂರಿಸಿದಳು. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು, ರವಿಕೆಬಟ್ಟೆ ಇಟ್ಟು ಮಡಿಲು ತುಂಬಿದಳು. ತವರಿನ ಹೆಣ್ಣುಮಗಳಿಗೆ ಮಾಡುವುದು ಅದು. ಟೀಚರಿಗೆ ಅದರ ಅರ್ಥ ಪೂರ್ತಿ ತಿಳಿದಿತ್ತೋ ಇಲ್ಲವೋ, ಮಡಿಲಿನ ಭಾರಕ್ಕೆ ಎರಡೂ ಕೈ ಒತ್ತಿಕೊಂಡು "ಅಮ್ಮಾ" ಎಂದು ಅತ್ತುಬಿಟ್ಟರು. ಆ ಪದಕ್ಕೆ ಎರಡು ಭಾಷೆಯ ನಡುವೆ ಯಾರ ಅನುವಾದವೂ ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನ ಮುಖ ಗಿರಣಿಗೆ ಹೋಗದೆಯೂ ಬೆಳ್ಳಗಾಗಿತ್ತು.

"ಅವ್ವಾ, ಅದು ರೇಡಿಯೋ ಮಾತು ಅವ್ವಾ. ಆ ವರಸೆ ಅಲ್ಲ."

"ರೇಡಿಯೋದೋರು ಮನುಸ್ರಲ್ವೇನ್ಲಾ? ಅವ್ರಿಗೆ ವರಸೆ ಇರಾಕಿಲ್ವಾ? ಮರ ನಿಂತಂಗೆ ನಿಂತವ್ನೆ. ಓಗು, ತಂಗಿಗೆ ಎಲೆ ಕೊಯ್ಕೊಂಡ್ ಬಾ."

ಅಂದಿನಿಂದ ಟೀಚರ್ ಸ್ಟೌ ಹಚ್ಚಲಿಲ್ಲ. ಅವರು ನಮ್ಮ ಪಂಕ್ತಿಯಲ್ಲಿ ಕೂತು ಮುದ್ದೆ ನುಂಗಲು ಕಲಿತರು; ನನ್ನಮ್ಮ ಅವರಿಗೆ ತಲೆ ಬಾಚಿದಳು; ನಾನು ಶಾಲೆಯಲ್ಲಿ ಟೀಚರ್, ಮನೆಯಲ್ಲಿ ಅತ್ತೆ ಎನ್ನುವುದನ್ನು ರೂಢಿ ಮಾಡಿಕೊಂಡೆ. ಎಲ್ಲರೂ ಸುಖವಾಗಿದ್ದೆವು, ಆ ಇಬ್ಬರನ್ನು ಬಿಟ್ಟು. ತಂತಿಗೆ ರಿಪೇರಿ ನಿಂತುಹೋಯಿತು. ಅಷ್ಟರಲ್ಲಿ ಅಜ್ಜಿ ಚಿಕ್ಕಪ್ಪನಿಗೆ ಹೆಣ್ಣು ಹುಡುಕಲು ಹೊರಟಳು. ತೊಪ್ಪೂರಿನ ಬಳಿ ಒಂದು ಮನೆ ಗೊತ್ತಾಯಿತು. ಅಣ್ಣನಿಗೆ ಹೆಣ್ಣು ನೋಡಲು ತಂಗಿ ಬರದಿದ್ದರೆ ಹೇಗೆ ಎಂದು ಟೀಚರನ್ನೂ ಹೊರಡಿಸಿದಳು. ಹೂವಿನ ತಟ್ಟೆ ಅವರ ಕೈಗೇ ಕೊಟ್ಟಳು. ಹೆಣ್ಣಿನ ತಾಯಿ ಟೀಚರನ್ನು ನೋಡಿ, ಹುಡುಗನಿಗೆ ನೀವೇನಾಗಬೇಕು ಎಂದು ಕೇಳಿದರು. ಟೀಚರ್ ತಟ್ಟೆಯ ಹೂವು ಸರಿಪಡಿಸಿದರು. "ನನ್ ಮಗ್ಳು" ಎಂದಳು ಅಜ್ಜಿ, ಹೆಮ್ಮೆಯಿಂದ. ವಾಪಸು ಬರುವ ಬಸ್ಸು ಘಾಟಿಯ ಲಾರಿಗಳ ಹಿಂದೆ ತೆವಳುತ್ತ ಬಂತು. ಟೀಚರ್ ಒಂದು ಕಿಟಕಿಯಾಚೆ ನೋಡುತ್ತಿದ್ದರು, ಚಿಕ್ಕಪ್ಪ ಇನ್ನೊಂದು ಕಿಟಕಿಯಾಚೆ. ಅಜ್ಜಿ ನನ್ನ ಮೇಲೆ ಒರಗಿ ನಿದ್ದೆ ಹೋಗಿದ್ದಳು.

ಮಾರನೆಯ ದಿನ ಬಾವಿಯ ಬಳಿ ಟೀಚರ್ ಚಿಕ್ಕಪ್ಪನಿಗೆ, ಬೇರೆ ಊರಿಗೆ ವರ್ಗ ಕೇಳುತ್ತೇನೆ ಎಂದು ಹೇಳಿದ್ದು ನನಗೆ ಕೇಳಿಸಿತು. ಚಿಕ್ಕಪ್ಪ ಕೊಡವನ್ನು ಕಟ್ಟೆಯ ಮೇಲಿಟ್ಟು ಹೇಳಿದ:

"ಅದ್ಕೆ ಮುಂಚೆ ಅವ್ವಂಗೆ ಒಂದ್ಸಲ ಪಾಠ ಏಳ್ಬಿಡಿ ಟೀಚರ್. ನನ್ ಮಾತು ಅವ್ಳು ಕೇಳಲ್ಲ. ನೀವಾದ್ರೆ ಮಗ್ಳು."

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಪಾಠ ನಡೆಯಿತು. ಒಂದು ಬಾವಿಯ ಹಗ್ಗ, ಒಂದು ಎತ್ತಿನ ಹಗ್ಗ. ಒಂದರ ತುದಿ ಬೇವಿನ ಮರಕ್ಕೆ, ಇನ್ನೊಂದರ ತುದಿ ಗಾಡಿಯ ಗಾಲಿಗೆ. ಒಂದನ್ನು ಟೀಚರ್ ಹಿಡಿದರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ನಾನು ಮಾಡಿದ ಹಾಗೇ ಮಾಡು ಎಂದು ಹಗ್ಗವನ್ನು ಮೇಲೆ ಕೆಳಗೆ ಕುಲುಕಿದರು. ಹಗ್ಗದಲ್ಲಿ ಹಾವಿನಂತೆ ಅಲೆಗಳು ಓಡಿದವು. ಎರಡು ಉಬ್ಬುಗಳ ನಡುವಿನ ದೂರವನ್ನು ತೋರಿಸಿ, ತಮಿಳು ಕನ್ನಡ ಬೆರೆಸಿ, ಇದೇ ನೋಡಮ್ಮ ಅಲೆಯ ಉದ್ದ, ಎರಡರಲ್ಲೂ ಒಂದೇ ಇದೆ ಎಂದರು. ಆ ಎರಡು ಹಗ್ಗಗಳ ದಪ್ಪ ಬೇರೆ, ಬಿಗಿ ಬೇರೆ. ಉದ್ದ ಒಂದೇ ಆಗಿರಲು ಸಾಧ್ಯವಿರಲಿಲ್ಲ. ಅದು ಅವರಿಗೆ ಗೊತ್ತಿಲ್ಲದೆಯೂ ಇರಲಿಲ್ಲ. ಆದರೆ ಅಂದು ಅಂಗಳದಲ್ಲಿ ಅಳತೆಕೋಲು ತರುವವರು ಯಾರೂ ಇರಲಿಲ್ಲ. ಅಜ್ಜಿ ಗಲ್ಲಕ್ಕೆ ಕೈ ಕೊಟ್ಟು ನೋಡಿದಳು.

"ಅಗ್ಗ ಬೇರೆಬೇರೆ. ಅಳ್ತೆ ಒಂದೇ."

"ಆಮಾ, ಹೌದು ಅಮ್ಮ."

"ಒಂದೇ ಒಟ್ಟೇಲಿ ಉಟ್ಟಿದ್ದಲ್ಲ."

"ಅಲ್ಲ ಅಮ್ಮ."

ಅಜ್ಜಿ ಟೀಚರನ್ನು ನೋಡಿದಳು, ಬಾವಿಕಟ್ಟೆಗೆ ಒರಗಿ ಉಗುರು ಕಚ್ಚುತ್ತಿದ್ದ ಮಗನನ್ನು ನೋಡಿದಳು. ಎಲ್ಲ ಅರ್ಥವಾಯಿತು. ಅರ್ಥವಾದ ಮೇಲೆ ಮುಖ ಬಾಡಿತು.

"ನಾನು ಮಡ್ಲು ತುಂಬಿದ್ದೀನಲ್ಲ ತಾಯಿ! ತುಂಬಿದ್ದ ವಾಪಸ್ ಈಸ್ಕೊಳ್ಳಕ್ಕೆ ಆಯ್ತದಾ? ಮಗ್ಳು ಅಂದ ಬಾಯಲ್ಲಿ ಸೊಸೆ ಅನ್ನು ಅಂದ್ರೆ ನಾಲ್ಗೆ ಎಂಗೆ ತಿರುಗ್ತದೆ?"

ಚಿಕ್ಕಪ್ಪ ಓಡಿಬಂದ. "ತಪ್ಪಾಗಿ ಕೊಟ್ಟಿದ್ದು ಅಂದ್ರೆ ಮುಗೀತವ್ವಾ. ಟೀಚರ್, ನೀವೇ ಏಳಿ, ಮಡ್ಲು ವಾಪಸ್ ಕೊಡ್ತೀನಿ ಅಂತ."

ಟೀಚರ್ ಹಗ್ಗ ಹಿಡಿದೇ ನಿಂತಿದ್ದರು. ಅವರು ಹೇಳಿದ್ದು ಒಂದೇ ಪದ.

"ಮುಡಿಯಾದು."

ಆಗುವುದಿಲ್ಲ. ಅಜ್ಜಿಯ ಮಗನಿಗಾಗಿ ಕೂಡ ಅಜ್ಜಿಯನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ.

ಆಮೇಲೆ ಅಪ್ಪ ಊಟಕ್ಕೆ ಕೂತಾಗಲೆಲ್ಲ ತಲೆ ಚಚ್ಚಿಕೊಂಡ. "ಊರು ನಗ್ತೈತೆ ಅವ್ವಾ. ಬೇರೆ ಜಾತಿ ಎಣ್ಣು ಅನ್ನೋದು ಒಂದು ರಗಳೆ. ಅದು ಸಾಲ್ದು ಅಂತ ನೀನು ತಂಗಿ ಬೇರೆ ಮಾಡಿಟ್ಟಿದ್ದೀಯಾ." ಅಜ್ಜಿ ಒಂದು ಬೆಳಿಗ್ಗೆ ಎದ್ದು ತಲೆಗೆ ಎಣ್ಣೆ ಹಚ್ಚಿ, ಒಬ್ಬಳೇ ಬಸ್ಸು ಹತ್ತಿ ತನ್ನ ತವರು ಪಾಪಿರೆಡ್ಡಿಪಟ್ಟಿಗೆ ಹೋದಳು. ವಾಪಸು ಬರುವಾಗ ಜೊತೆಗೆ ಅವಳ ಅಣ್ಣ ಇದ್ದರು, ಬಗ್ಗಿದ ಬೆನ್ನಿನ, ಪುಟ್ಟ ಮೈಯ ತಾತ. ಅವರಿಗೆ ಹೆಣ್ಣುಮಕ್ಕಳು ಮಾತ್ರ, ಗಂಡು ಸಂತಾನ ಇರಲಿಲ್ಲ. ಅಜ್ಜಿ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮಗಳ್ನ ನಾನು ಬಿಡಾಕಿಲ್ಲ. ಮಗನ್ನ ಬಿಟ್ಕೊಡ್ತೀನಿ. ಇವತ್ತಿಂದ ಮಾದೇಶ ನಮ್ಮಣ್ಣನ ಮಗ. ಅಣ್ಣನ ಮಗಂಗೆ ತಂಗಿ ಮಗಳು. ಇದ್ಕಿಂತ ಕೂಡಿ ಬರೋ ವರಸೆ ಯಾವುದೈತೆ, ಯಾರಾದ್ರೂ ಏಳ್ಲಿ!"

ತಾತ ಮಣೆಯ ಮೇಲೆ ಕೂತು ಕಾಲು ಚಾಚಿದರು. ಮಡಿಲಲ್ಲಿ ಕೂರಿಸಿಕೊಂಡು ಬಾಯಿಗೆ ಸಕ್ಕರೆ ಹಾಕಿದರೆ ಮಗನಾದಂತೆ. ಗಿರಣಿಯಲ್ಲಿ ಮೂಟೆ ಹೊರುವ ಚಿಕ್ಕಪ್ಪ ತಾತನ ತೊಡೆಯ ಮೇಲೆ ಕೂತೂ ಕೂರದಂತೆ ಗಾಳಿಯಲ್ಲಿ ನಿಂತ.

"ಕೂತ್ಕೊಳ್ಳೋ ಬೇಗ, ನನ್ ಮಂಡಿ ಓಯ್ತದೆ" ಎಂದರು ತಾತ. "ಈ ತೂಕದ ಮಗನ್ನ ಎತ್ತು ಅಂತ ಮೊದ್ಲೇ ಏಳಿದ್ರೆ ನಾನು ಬಸ್ಸೇ ಅತ್ತುತ್ತಿರ್ಲಿಲ್ಲ!"

ಟೀಚರ್ ಅಂದು ನಕ್ಕ ಹಾಗೆ ಮತ್ತೆ ನಕ್ಕದ್ದನ್ನು ನಾನು ಕಾಣೆ.

ಮದುವೆ ನಮ್ಮ ಅಂಗಳದಲ್ಲೇ ಆಯಿತು. ಗಂಡಿನ ಕಡೆಯವರು ಪಾಪಿರೆಡ್ಡಿಪಟ್ಟಿಯಿಂದ ದಿಬ್ಬಣ ಬಂದರು. ಗಂಡನ್ನು ಹಿಂದಿನ ದಿನವೇ ಅಲ್ಲಿಗೆ ಕಳಿಸಿ, ಅಲ್ಲಿಂದ ಕರೆದುಕೊಂಡು ಬರಬೇಕೆಂದು ಅಜ್ಜಿಯ ಅಪ್ಪಣೆ. ಟೀಚರ ಅಣ್ಣ ಸೇಲಂನಿಂದ ಬಂದು, ಹಿಂದೆ ಕೂತು, ಊಟ ಮಾಡಿ, ತಂಗಿಯ ತಲೆ ಮುಟ್ಟಿ ಹೋದರು. ಮಗಳನ್ನು ಕಳಿಸಿಕೊಡುವಾಗ ಅಜ್ಜಿ ನಿಜವಾಗಿ ಅತ್ತಳು, ನಾಲ್ಕು ದಿನಕ್ಕೆ ಇದೇ ಮನೆಗೆ ಬರುವವಳಿಗಾಗಿ.

ವಾಪಸು ಬಂದ ಮೇಲೆ ಚಿಕ್ಕಪ್ಪ ಎಂದಿನಂತೆ ಗಿರಣಿಗೆ ಹೋದ, ಎಂದಿನಂತೆ ಬಿಳಿಯಾಗಿ ಬಂದ, ಅಡಿಗೆಮನೆಗೆ ನುಗ್ಗಿ "ಅವ್ವಾ, ಮುದ್ದೆ ಆಕು" ಎಂದ. ಅಜ್ಜಿ ತಟಕ್ಕನೆ ತಲೆಗೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ಸರಿದು ಟೀಚರನ್ನು ಕೂಗಿದಳು.

"ಮಗಾ, ಅಳಿಯಂದ್ರು ಬಂದವ್ರೆ. ಕಾಲಿಗೆ ನೀರ್ ಕೊಡವ್ವಾ."

ಚಿಕ್ಕಪ್ಪ ನಕ್ಕ. ಅಜ್ಜಿ ನಗಲಿಲ್ಲ. ಅವನ ನಗು ತಾನಾಗಿ ಇಳಿಯಿತು. ಮದುವೆಯ ದಿನಕ್ಕೆ ಮಾತ್ರ ಎಂದು ಅವನು ಅಂದುಕೊಂಡದ್ದು ಬದುಕಿಗೇ ಎಂದು ಅವನಿಗೆ ಆಗ ತಿಳಿದಿರಬೇಕು. ಹೊರಗೆ ಹೋಗಿ ತಿಣ್ಣೆಯ ಮೇಲೆ ನೆಂಟನಂತೆ ಕೂತ. ಅಂದಿನಿಂದ ಅಜ್ಜಿ ಅವನನ್ನು ಲೇ ಎನ್ನಲಿಲ್ಲ, ಬೈಯಲಿಲ್ಲ, ತಲೆಗೆ ಎಣ್ಣೆ ತಟ್ಟಲಿಲ್ಲ. ಎಲೆ ಮೊದಲು ಅವನಿಗೆ, ತುಪ್ಪ ಹೆಚ್ಚು ಅವನಿಗೆ. "ನಾನೂ ಅಳಿಯ ಆಗಿದ್ರೆ ಚೆನ್ನಾಗಿತ್ತು" ಎಂದು ಅಪ್ಪ ತನ್ನ ಒಣ ಮುದ್ದೆಯನ್ನು ನೋಡಿ ಹೇಳುತ್ತಿದ್ದ. ಚಿಕ್ಕಪ್ಪ ಮಾತ್ರ ತುಪ್ಪದ ಮುದ್ದೆಯನ್ನು ತಲೆ ತಗ್ಗಿಸಿ ತಿನ್ನುತ್ತಿದ್ದ. ಅಲೆ ಗಾಳಿಯಿಂದ ನೀರಿಗೆ ದಾಟಿದಾಗ ತರಂಗಾಂತರ ಬದಲಾಗುತ್ತದೆ, ಕಂಪನದ ಲೆಕ್ಕ ಬದಲಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳುವಾಗ, ಬಾಗಿಲ ಹಿಂದೆ ಸೆರಗು ಹಿಡಿದು ನಿಂತು, ಅವನು ಎಷ್ಟು ಉಂಡ ಎಂದು ಸಂದಿಯಿಂದ ನೋಡುತ್ತಿದ್ದ ಅಜ್ಜಿ ನೆನಪಾಗುತ್ತಾಳೆ. ಇಂಥ ಹೋಲಿಕೆಗಳು ಬರೆಯುವವರಿಗೆ ಸುಲಭ. ಅವರಿಬ್ಬರಿಗೆ ಅದು ಹೇಗಿತ್ತು ಎಂದು ನನಗೆ ಗೊತ್ತಿಲ್ಲ.

ಅಜ್ಜಿ ಈಗಿಲ್ಲ. ಅತ್ತೆ, ಅಂದರೆ ಟೀಚರ್, ನಿವೃತ್ತರಾಗಿ ಅದೇ ಮನೆಯಲ್ಲಿ ಮಾವನಾದ ಚಿಕ್ಕಪ್ಪನ ಜೊತೆ ಇದ್ದಾರೆ. ಅವರ ಕನ್ನಡ ಈಗ ನನ್ನದಕ್ಕಿಂತ ಚೆನ್ನಾಗಿದೆ. ಇದನ್ನು ಬರೆಯಲು ಕೂತಾಗ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಅಜ್ಜಿ ಜೀವಮಾನವೆಲ್ಲ ಓಮಲೂರಿನ ಸಂತೆಯಲ್ಲಿ ತಮಿಳಿನಲ್ಲೇ ಚೌಕಾಸಿ ಮಾಡಿದವಳು. ರೇಡಿಯೋದವರು ಆ ಪದವನ್ನು ದಿನವೂ ಹೇಳುವುದನ್ನು ಕೇಳಿದವಳು. ಅವಳಿಗೆ ನಿಜವಾಗಿಯೂ ತಪ್ಪಾಗಿ ಕೇಳಿಸಿತೇ? ಒಂಟಿ ಹೆಣ್ಣಿನ ಕಿಟಕಿಗೆ ಕಟ್ಟಿದ ತಂತಿಯ ಬಗ್ಗೆ ಬೀದಿಯವರು ಆಡುತ್ತಿದ್ದ ಮಾತು ಅವಳ ಕಿವಿಗೆ ಬಿದ್ದು, ಮಗಳು ಎಂದುಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ ಎಂದುಕೊಂಡಳೇ? ಅಥವಾ ಮಗನನ್ನು ಟೀಚರಿಂದ ತ‍ಪ್ಪಿಸಲು ಹೂಡಿದ ಉಪಾಯವೇ, ಆಮೇಲೆ ತಾನೇ ಅದರಲ್ಲಿ ಸಿಕ್ಕಿಕೊಂಡಳೇ? ಹೋದ ವಾರ ಹೋಗಿ ಅತ್ತೆಯನ್ನು ಕೇಳಿದೆ. ಅವರು ತಿಣ್ಣೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ಗೊತ್ತಿಲ್ಲ ಕಣೆ. ನಾನು ಕೇಳ್ಲೇ ಇಲ್ಲ."

"ಇಷ್ಟು ವರ್ಷ ಒಂದೇ ಮನೇಲಿದ್ದು ಒಂದ್ಸಲಾನೂ ಕೇಳ್ಲಿಲ್ವಾ ಅತ್ತೆ?"

ಅವರು ಕಾಯಿಯ ನಾರು ಎಳೆದು ಪಕ್ಕಕ್ಕಿಟ್ಟರು.

"ಕೇಳಿದ್ರೆ, ಅಯ್ಯೋ ತಪ್ಪಾಗಿ ಕೇಳಿಸ್ತು ಕಣವ್ವಾ ಅಂದ್‌ಬಿಟ್ಟಿದ್ರೆ? ಆಮೇಲೆ ನಂಗೆ ಅಮ್ಮ ಎಲ್ಲಿ?"

ಅಂದು ಅವರು ಆಡಿದ ಪದ ಅಲೈವರಿಸೈಯೋ, ಅಲೈನೀಳಮೋ ಎಂದು ಕೇಳಬೇಕೆಂದೂ ಹೋಗಿದ್ದೆ. ಎರಡನೆಯದಾಗಿದ್ದರೆ ಅದರಲ್ಲಿ ತಪ್ಪಾಗಿ ಕೇಳಲು ವರಸೆಯೇ ಇಲ್ಲ. ಕೇಳಲಿಲ್ಲ. ಸುಲಿಯುವುದು ಇನ್ನೂ ಬಹಳ ಉಳಿದಿತ್ತು. ಅವರ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ನನ್ನ ಮಡಿಲಿಗೆ ಹಾಕಿಕೊಂಡೆ.